ಇನ್ನೊಂದು ಸುತ್ತು ಹಾಕಿ ಬಂದರಾಯಿತು

ವಿಮಾನ ಹಾರಿಸಲು ಕಲಿಯುವವರಿಗೆ ಏರುವ ವಿದ್ಯೆ ಬೇಗ ಕೈಗೆ ಹತ್ತುತ್ತದೆ. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧ ಕೆಲಸವನ್ನು ವಿಮಾನವೇ ಮಾಡಿಬಿಡುತ್ತದೆ. ಸೆಸ್ನಾ 172 ಎಂಬ ನಾಲ್ಕು ಸೀಟಿನ ಪುಟ್ಟ ವಿಮಾನವನ್ನೇ ತೆಗೆದುಕೊಳ್ಳಿ. ರನ್‌ವೇ ಮೇಲೆ ನೆಟ್ಟಗೆ ನಿಲ್ಲಿಸಿ, ಥ್ರಾಟಲನ್ನು ಪೂರ್ತಿ ಒಳಕ್ಕೆ ಒತ್ತಿ, ಕಾಲಡಿಯ ಪೆಡಲುಗಳಿಂದ ಮೂಗನ್ನು ನಡುಗೆರೆಯ ಮೇಲೆ ಹಿಡಿದುಕೊಂಡರೆ ಸಾಕು. ವೇಗ 55 ನಾಟ್, ಅಂದರೆ ಗಂಟೆಗೆ ಸುಮಾರು ನೂರು ಕಿಲೋಮೀಟರ್ ಮುಟ್ಟಿದಾಗ ಕೈಯಲ್ಲಿರುವ ಹಿಡಿಯನ್ನು ತುಸು ಹಿಂದಕ್ಕೆಳೆದರೆ ಅದು ನೆಲ ಬಿಡುತ್ತದೆ. ಇಳಿಯುವುದು ಹಾಗಲ್ಲ. ಚಕ್ರವ್ಯೂಹದ ಒಳಹೋಗುವುದನ್ನು ಕಲಿತು ಹೊರಬರುವುದನ್ನು ಕಲಿಯದೆ ಉಳಿದ ಅಭಿಮನ್ಯುವಿನ ಕಥೆಯನ್ನು ವೈಮಾನಿಕ ಶಾಲೆಗಳಲ್ಲಿ ಹೇಳುತ್ತಾರೋ ಇಲ್ಲವೋ, ಅಲ್ಲಿನ ಮೊದಲ ಕೆಲವು ವಾರಗಳ ಪಾಠವೆಲ್ಲ ಆ ಎರಡನೆಯ ವಿದ್ಯೆಯದೇ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಓಡಾಡುವವರಿಗೆ ಜಕ್ಕೂರಿನ ಮೈದಾನ ಗೊತ್ತಿರುತ್ತದೆ. ಮೈಸೂರಿನ ಮಹಾರಾಜರು ಕೊಟ್ಟ ಜಾಗದಲ್ಲಿ, ಸ್ವಾತಂತ್ರ್ಯ ಬಂದ ಹೊಸದರಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಅಲ್ಲಿದೆ. ಈಚಿನ ವರ್ಷಗಳಲ್ಲಿ ಕಲಬುರಗಿ, ಬೆಳಗಾವಿಗಳಲ್ಲೂ ಇಂಥ ಶಾಲೆಗಳು ತೆರೆದಿವೆ. ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದ ಹುಡುಗ ಹುಡುಗಿಯರು 200 ಗಂಟೆ ಹಾರಿದ ಲೆಕ್ಕ ತೋರಿಸಿ, ಪರೀಕ್ಷೆ ಪಾಸು ಮಾಡಿದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಆ ಒಂದೊಂದು ಗಂಟೆಗೂ ದುಡ್ಡು ಸುರಿಯಬೇಕು. ಹಾಸನದ್ದೋ ಹಾವೇರಿಯದೋ ಒಂದು ಮನೆಯ ಹುಡುಗಿ ಇಂಥ ಶಾಲೆಗೆ ಸೇರಿದ್ದಾಳೆ ಎಂದಿಟ್ಟುಕೊಳ್ಳಿ. ಅಪ್ಪ ಬ್ಯಾಂಕಿನಲ್ಲಿ ಸಾಲ ಎತ್ತಿದ್ದಾರೆ, ಮನೆಪತ್ರ ಅಡವಿಟ್ಟಿದ್ದಾರೆ. ಭಾನುವಾರ ಫೋನು ಮಾಡಿದಾಗ ಅವರು ಮೊದಲು ಕೇಳುವುದು, ‘ಏನಮ್ಮಾ, ಎಷ್ಟು ಗಂಟೆ ಆಯ್ತು?’ ಎಂದೇ. ಪಾಪ, ಅವರದೇನೂ ತಪ್ಪಿಲ್ಲ. ಆದರೆ ಆ ಪ್ರಶ್ನೆ ಹುಡುಗಿಯ ಜೊತೆ ಕಾಕ್‌ಪಿಟ್ಟಿನೊಳಗೂ ಬಂದು ಕೂರುತ್ತದೆ. ಹೇಗೆಂಬುದನ್ನು ಮುಂದೆ ನೋಡೋಣ.

ಸಣ್ಣ ವಿಮಾನಗಳ ಅಪಘಾತಗಳಲ್ಲಿ ಬಹುಪಾಲು ಇಳಿಯುವಾಗಲೇ ಆಗುತ್ತವೆ. ಸಮಾಧಾನದ ಸಂಗತಿಯೆಂದರೆ ಅವುಗಳಲ್ಲಿ ಸಾಯುವವರು ಕಡಿಮೆ. ಮೂಗಿನ ಚಕ್ರ ಮುರಿಯುತ್ತದೆ, ಪ್ರೊಪೆಲ್ಲರಿನ ಅಲಗು ಬಾಗುತ್ತದೆ, ರನ್‌ವೇ ಪಕ್ಕದ ಹುಲ್ಲಿನಲ್ಲಿ ವಿಮಾನ ವಾಲಿ ನಿಲ್ಲುತ್ತದೆ, ಒಳಗಿದ್ದವರು ಬಾಗಿಲು ತೆರೆದು ಹೊರಗೆ ಬರುತ್ತಾರೆ. ಮಾರನೆಯ ದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು ಸುದ್ದಿ. 2023ರ ಜುಲೈನಲ್ಲಿ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಹೊರಟ ಸಣ್ಣ ಜೆಟ್ ಒಂದರ ಮೂಗಿನ ಚಕ್ರ ಕೆಳಗೆ ಬರಲೊಲ್ಲದೆ ಹೋಯಿತು. ಪೈಲಟ್‌ಗಳು ಹಿಂತಿರುಗಿ ಬಂದು, ಹಿಂದಿನ ಎರಡು ಚಕ್ರಗಳ ಮೇಲೆ ಇಳಿಸಿ, ವೇಗ ಇಳಿಯುವವರೆಗೂ ಮೂಗನ್ನು ಎತ್ತಿಹಿಡಿದು, ಕೊನೆಗೆ ನೆಲಕ್ಕೆ ಉಜ್ಜಿಸಿಕೊಂಡು ನಿಲ್ಲಿಸಿದರು. ಒಳಗಿದ್ದ ಇಬ್ಬರಿಗೂ ಏನೂ ಆಗಲಿಲ್ಲ. ಯಂತ್ರ ಕೆಟ್ಟಾಗ ಪೈಲಟ್‌ಗಳು ಎಚ್ಚರವಾಗಿರುತ್ತಾರೆ, ಯೋಚಿಸುತ್ತಾರೆ, ತಯಾರಿ ಮಾಡಿಕೊಳ್ಳುತ್ತಾರೆ. ಇಳಿಯುವಾಗಿನ ಅಪಘಾತಗಳಲ್ಲಿ ಹೆಚ್ಚಿನವು ಆಗುವುದು ಯಂತ್ರದಲ್ಲಿ ಏನೂ ಕೆಡದಿದ್ದಾಗ. ಆಕಾಶ ನಿರ್ಮಲ, ಎಂಜಿನ್ ಸರಿ, ಬ್ರೇಕ್ ಸರಿ. ಆದರೂ ವಿಮಾನ ರನ್‌ವೇ ದಾಟಿ ಬೇಲಿಗೆ ಹೋಗಿ ನಿಂತಿರುತ್ತದೆ.

ಇದು ಹೇಗಾಗುತ್ತದೆ ಎಂಬುದನ್ನು ಹುಡುಗಿಯ ಪಕ್ಕದ ಸೀಟಿನಲ್ಲಿ ಕೂತು ನೋಡಬಹುದು. ರನ್‌ವೇಯಿಂದ ಎದ್ದ ವಿಮಾನ ನೆಲದಿಂದ ಸಾವಿರ ಅಡಿ ಎತ್ತರಕ್ಕೆ ಹೋಗಿ, ಚೌಕವಾಗಿ ಒಂದು ಸುತ್ತು ಹಾಕಿ, ಅದೇ ರನ್‌ವೇಯ ತುದಿಗೆ ಬರುತ್ತದೆ. ಕೊನೆಯ ನೇರದಲ್ಲಿ ವೇಗ ಸುಮಾರು 62 ನಾಟ್ ಇರಬೇಕು. ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ ದಾಟಿ, ನೆಲಕ್ಕೆ ಹತ್ತು ಹದಿನೈದು ಅಡಿ ಇರುವಾಗ ಮೂಗನ್ನು ಮೆಲ್ಲಗೆ ಎತ್ತುತ್ತ ಹೋಗಬೇಕು. ಇದಕ್ಕೆ ಫ್ಲೇರ್ ಎಂದು ಹೆಸರು. ಕಲಿಸುವ ಮೇಷ್ಟ್ರುಗಳು ಇದನ್ನು ಒಗಟಿನ ಹಾಗೆ ಹೇಳುವುದುಂಟು: ಇಳಿಸಲು ಹೋಗಬೇಡ, ಇಳಿಯದ ಹಾಗೆ ತಡೆಯುತ್ತಿರು, ತಡೆಯಲಾಗದೆ ಹೋದಾಗ ಅದು ಇಳಿದಿರುತ್ತದೆ. ಹುಡುಗಿಗೆ ಈ ಮಾತು ಹತ್ತು ಸಲ ಕೇಳಿದರೂ ಅರ್ಥವಾಗುವುದಿಲ್ಲ. ಹನ್ನೊಂದನೆಯ ಸಲಕ್ಕೆ ಕೈಗಳಿಗೆ ಅರ್ಥವಾಗುತ್ತದೆ.

ವೇಗ ಸರಿಯಿದ್ದರೆ ಇಷ್ಟೇ. ವೇಗ ಹೆಚ್ಚಿದ್ದರೆ? ರೆಕ್ಕೆ ನೆಲದ ಹತ್ತಿರ ಬಂದಾಗ ಒಂದು ವಿಚಿತ್ರ ನಡೆಯುತ್ತದೆ. ಮೇಲೆ ಹಾರುವಾಗ ರೆಕ್ಕೆಯ ತುದಿಗಳಲ್ಲಿ ಗಾಳಿ ಸುರುಳಿ ಸುತ್ತಿಕೊಂಡು ವಿಮಾನವನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ. ನೆಲ ಸಮೀಪಿಸಿದಾಗ ಆ ಸುರುಳಿಗೆ ಜಾಗವಿಲ್ಲ, ಜಗ್ಗಾಟ ಕಡಿಮೆಯಾಗುತ್ತದೆ. ಸೆಸ್ನಾದ ರೆಕ್ಕೆ ಈ ತುದಿಯಿಂದ ಆ ತುದಿಗೆ 11 ಮೀಟರ್. ನೆಲಕ್ಕೆ ಅದರ ಅರ್ಧದಷ್ಟು ಸಮೀಪ ಬಂದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ವೇಗ ಹೆಚ್ಚಿರುವ ವಿಮಾನ ನೆಲದಿಂದ ಮೂರಡಿ ಮೇಲೆ, ನೀರಿನ ಮೇಲೆ ಎಲೆ ತೇಲಿದಂತೆ, ತೇಲುತ್ತಲೇ ಹೋಗುತ್ತದೆ. ಒಳಗಿರುವವರಿಗೆ ಅದು ಸುಖವಾಗಿಯೇ ಇರುತ್ತದೆ. ಕೆಳಗೆ ರನ್‌ವೇ ಮಾತ್ರ ಸರಸರನೆ ಖರ್ಚಾಗುತ್ತಿರುತ್ತದೆ.

ಇಲ್ಲಿ ಹೈಸ್ಕೂಲಿನ ಭೌತಶಾಸ್ತ್ರ ಬಂದು ಲೆಕ್ಕ ಕೇಳುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ ಎಂದು ಎಲ್ಲರೂ ಬಾಯಿಪಾಠ ಮಾಡಿದ್ದೇ. ಅದರ ಅರ್ಥ, ವೇಗ ನೂರಕ್ಕೆ ಹತ್ತು ಹೆಚ್ಚಾದರೆ ತಡೆದು ನಿಲ್ಲಿಸಬೇಕಾದ ಶಕ್ತಿ ನೂರಕ್ಕೆ 21 ಹೆಚ್ಚುತ್ತದೆ. 62 ನಾಟ್ ಇರಬೇಕಾದಲ್ಲಿ 72 ಇದ್ದರೆ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು. ಸೆಸ್ನಾ 172ರ ಈಚಿನ ಮಾದರಿಯ ಕೈಪಿಡಿ ಹೇಳುವ ಪ್ರಕಾರ, ಸಮುದ್ರಮಟ್ಟದಲ್ಲಿ, ಗಾಳಿಯಿಲ್ಲದ ತಂಪು ದಿನ, 50 ಅಡಿ ಎತ್ತರದಿಂದ ಹಿಡಿದು ಪೂರ್ತಿ ನಿಲ್ಲುವವರೆಗೆ ಬೇಕಾದ ದೂರ 1,335 ಅಡಿ. ಅದರಲ್ಲಿ ಚಕ್ರ ನೆಲ ಮುಟ್ಟಿದ ಮೇಲೆ ಓಡುವುದು 575 ಅಡಿ ಮಾತ್ರ. ಅರ್ಧಕ್ಕಿಂತ ಹೆಚ್ಚು ದೂರ ಗಾಳಿಯಲ್ಲೇ ಕಳೆದುಹೋಗುತ್ತದೆ, ಅದೂ ಎಲ್ಲವೂ ಸರಿಯಿದ್ದಾಗ.

ಅದೇ ಕೈಪಿಡಿಯಲ್ಲಿ ಗಾಳಿಯ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಇದೆ. ಎದುರು ಗಾಳಿ ಪ್ರತಿ 9 ನಾಟ್ ಇದ್ದರೆ ದೂರದಲ್ಲಿ ನೂರಕ್ಕೆ ಹತ್ತು ಕಳೆಯಿರಿ. ಬೆನ್ನ ಗಾಳಿಯಾದರೆ ಪ್ರತಿ 2 ನಾಟಿಗೆ ನೂರಕ್ಕೆ ಹತ್ತು ಕೂಡಿಸಿರಿ. ಎದುರಿಗೆ ಬಂದರೆ ಒಂಬತ್ತು, ಬೆನ್ನಿಗೆ ಬಂದರೆ ಎರಡು! ಗಾಳಿ ಉಪಕಾರ ಮಾಡುವಾಗ ಜಿಪುಣ, ಅಪಕಾರ ಮಾಡುವಾಗ ಧಾರಾಳಿ. 10 ನಾಟಿನ ಬೆನ್ನಗಾಳಿ ಎಂದರೆ ಮೈದಾನದಲ್ಲಿ ನಿಂತವರ ತಲೆಗೂದಲು ಹಾರಾಡುವಷ್ಟು ಗಾಳಿ, ಅಷ್ಟೇ. ಇಳಿಯುವ ದೂರ ಒಂದೂವರೆ ಪಟ್ಟಾಗಲು ಅಷ್ಟು ಸಾಕು. ಇನ್ನು ಬೆಂಗಳೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿದೆ. ಇಲ್ಲಿಯ ಗಾಳಿ ತೆಳುವು. ಬೇಸಿಗೆಯ ಮಧ್ಯಾಹ್ನ 30 ಡಿಗ್ರಿ ಸೆಖೆಯಲ್ಲಿ ಅದು ಇನ್ನಷ್ಟು ತೆಳುವಾಗಿ, ಮೀಟರು 62 ನಾಟ್ ತೋರಿಸುವಾಗ ವಿಮಾನ ನಿಜವಾಗಿ 67ರಲ್ಲಿ ನುಗ್ಗುತ್ತಿರುತ್ತದೆ. ಮೀಟರು ಸುಳ್ಳು ಹೇಳುತ್ತಿಲ್ಲ. ರೆಕ್ಕೆಗೆ ಬೇಕಾದ ಲೆಕ್ಕವನ್ನು ಅದು ಹೇಳುತ್ತಿದೆ, ಬ್ರೇಕಿಗೆ ಬೇಕಾದ ಲೆಕ್ಕವನ್ನಲ್ಲ.

ಮಳೆ ಬಂದು ರನ್‌ವೇ ಮೇಲೆ ನೀರು ನಿಂತಿದ್ದರೆ ಇನ್ನೊಂದು ಲೆಕ್ಕ. ಟಯರಿನೊಳಗಿನ ಒತ್ತಡ ಎಷ್ಟು ಪೌಂಡ್ ಇದೆಯೋ ಅದರ ವರ್ಗಮೂಲ ತೆಗೆದು ಒಂಬತ್ತರಿಂದ ಗುಣಿಸಿದರೆ ಬರುವ ನಾಟ್ ವೇಗಕ್ಕಿಂತ ಹೆಚ್ಚಿನಲ್ಲಿ ಟಯರು ನೀರಿನ ಮೇಲೇ ಜಾರುತ್ತದೆ, ನೆಲ ಹಿಡಿಯುವುದಿಲ್ಲ. 36 ಪೌಂಡ್ ಒತ್ತಡದ ಟಯರಾದರೆ ಆರೊಂಬತ್ತಲ 54 ನಾಟ್. ಸಣ್ಣ ವಿಮಾನ ಇಳಿಯುವ ವೇಗವೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ಗಮನಿಸಿ. ಪರೀಕ್ಷೆಗೆಂದು ಕಲಿತ ವರ್ಗಮೂಲ ಎಲ್ಲಿ ಬಂದು ಕಾದು ಕೂತಿರುತ್ತದೆ ನೋಡಿ.

ವೇಗ ಹೆಚ್ಚಿದಾಗ ಎಲ್ಲರೂ ತೇಲುತ್ತ ಕಾಯುವುದಿಲ್ಲ. ಕೆಲವರು ಗಾಬರಿಯಾಗಿ ವಿಮಾನವನ್ನು ನೆಲಕ್ಕೆ ಒತ್ತುತ್ತಾರೆ. ಆಗ ಗಟ್ಟಿಯಾದ ಹಿಂದಿನ ಚಕ್ರಗಳ ಬದಲು ನಾಜೂಕಾದ ಮೂಗಿನ ಚಕ್ರ ಮೊದಲು ತಾಗುತ್ತದೆ, ವಿಮಾನ ಚೆಂಡಿನ ಹಾಗೆ ಪುಟಿಯುತ್ತದೆ. ಪುಟಿದಾಗ ಮತ್ತೆ ಒತ್ತುತ್ತಾರೆ, ಮತ್ತೆ ಪುಟಿಯುತ್ತದೆ, ಈ ಸಲ ಇನ್ನೂ ಎತ್ತರಕ್ಕೆ. ಪೈಲಟಿನ ಕೈ ವಿಮಾನಕ್ಕಿಂತ ಅರ್ಧ ಸೆಕೆಂಡು ಹಿಂದೆ ಬಿದ್ದಿರುತ್ತದೆ. ಅದು ಏಳುವಾಗ ಅವನು ಎಳೆಯುತ್ತಾನೆ, ಬೀಳುವಾಗ ತಳ್ಳುತ್ತಾನೆ. ಎರಡು ಮೂರು ಪುಟಿತಗಳಲ್ಲಿ ಮೂಗಿನ ಚಕ್ರದ ಕಾಲು ಮುರಿದು ಪ್ರೊಪೆಲ್ಲರ್ ನೆಲ ಕೆರೆಯುತ್ತದೆ. ಪ್ರೊಪೆಲ್ಲರ್ ನೆಲ ಮುಟ್ಟಿತೆಂದರೆ ಎಂಜಿನ್ನನ್ನೇ ಬಿಚ್ಚಿ ನೋಡಬೇಕು. ಆ ಬಿಲ್ಲು ಸಣ್ಣದಲ್ಲ.

ಹಳೆಯ ತಲೆಮಾರಿನವರ ಪಾಡು ಇನ್ನೂ ಕಷ್ಟದ್ದು. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿತು; ಫ್ಲೈಯಿಂಗ್ ಕ್ಲಬ್ಬುಗಳ ಅಚ್ಚುಮೆಚ್ಚಿನ ಪುಷ್ಪಕ್ 1958ರಲ್ಲಿ. ಇವೆರಡಕ್ಕೂ ಮೂಗಿನಲ್ಲಿ ಚಕ್ರವಿಲ್ಲ, ಬಾಲದಲ್ಲಿದೆ. ಭಾರವೆಲ್ಲ ಮುಖ್ಯ ಚಕ್ರಗಳ ಹಿಂದೆ. ಕೈಗಾಡಿಯನ್ನು ಮೂಕಿ ಹಿಡಿದು ಎಳೆದುಕೊಂಡು ಹೋದರೆ ಅದು ಹಿಂದೆ ಹಿಂದೆ ನೆಟ್ಟಗೆ ಬರುತ್ತದೆ. ಅದೇ ಮೂಕಿ ಹಿಡಿದು ಹಿಂದಿನಿಂದ ನೂಕುತ್ತ ಓಡಿ ನೋಡಿ, ತುಸು ವಾರೆಯಾದರೂ ಗರ್ರನೆ ತಿರುಗಿಬಿಡುತ್ತದೆ. ಬಾಲಚಕ್ರದ ವಿಮಾನ ನೆಲಕ್ಕಿಳಿದ ಮೇಲೂ ಹಾಗೆಯೇ ಗಿರಕಿ ಹೊಡೆಯಬಲ್ಲದು. ಆದ್ದರಿಂದ ಅದು ಪೂರ್ತಿ ನಿಲ್ಲುವ ತನಕ ಇಳಿದಾಯಿತು ಎನ್ನುವಂತಿರಲಿಲ್ಲ. ಆ ವಿಮಾನಗಳಲ್ಲಿ ಕಲಿತವರು ಈಗಿನವರನ್ನು ಕಂಡು, ನಿಮ್ಮದೇನು ಮಹಾ ಎಂದು ಮೂಗು ಮುರಿಯುವುದುಂಟು. ಅದರಲ್ಲಿ ಸ್ವಲ್ಪ ನಿಜವೂ ಇದೆ.

ಇಷ್ಟೆಲ್ಲ ತೊಂದರೆಗಳಿಗೂ ಔಷಧ ಒಂದೇ. ವೇಗ ಹೆಚ್ಚಾಯಿತೆ, ಎತ್ತರ ಹೆಚ್ಚಾಯಿತೆ, ಅಡ್ಡಗಾಳಿ ಪಕ್ಕಕ್ಕೆ ತಳ್ಳಿತೆ, ಒಮ್ಮೆ ಪುಟಿಯಿತೆ: ಥ್ರಾಟಲ್ ಪೂರ್ತಿ ಒತ್ತಿ, ಮೂಗನ್ನು ಸಮನಾಗಿ ಹಿಡಿದು, ಫ್ಲ್ಯಾಪನ್ನು ಹಂತಹಂತವಾಗಿ ಮೇಲೆತ್ತಿಕೊಂಡು ಮತ್ತೆ ಆಕಾಶಕ್ಕೆ ಹೋಗುವುದು. ಇನ್ನೊಂದು ಸುತ್ತು ಹಾಕಿ ಬಂದರಾಯಿತು. ಇದಕ್ಕೆ ಗೋ-ಅರೌಂಡ್ ಎನ್ನುತ್ತಾರೆ. ಕೈಕೆಲಸವಾಗಿ ನೋಡಿದರೆ ಇಳಿಯುವುದಕ್ಕಿಂತ ಸುಲಭ. ಪ್ರತಿಯೊಬ್ಬ ಪೈಲಟಿಗೂ ಇದನ್ನು ಕಲಿಸಿರುತ್ತಾರೆ, ಪರೀಕ್ಷೆಯಲ್ಲಿ ಮಾಡಿಸಿ ನೋಡಿರುತ್ತಾರೆ. ಆದರೂ ಮಾಡುವುದಿಲ್ಲ. ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ದೊಡ್ಡ ವಿಮಾನಗಳ ಪೈಲಟ್‌ಗಳ ಬಗ್ಗೆ ನಡೆಸಿ 2017ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ವೇಗವೋ ಎತ್ತರವೋ ಹದ ತಪ್ಪಿ ಬರುವ ನೂರು ಸಂದರ್ಭಗಳಲ್ಲಿ ಮೂರರಲ್ಲಿ ಮಾತ್ರ ಪೈಲಟ್‌ಗಳು ಮತ್ತೆ ಮೇಲೇಳುತ್ತಾರೆ. ಉಳಿದ ತೊಂಬತ್ತೇಳರಲ್ಲಿ ಹಾಗೇ ಇಳಿದುಬಿಡುತ್ತಾರೆ. ಇವರೇನು ಕಲಿಯುವ ಮಕ್ಕಳಲ್ಲ, ಸಾವಿರಾರು ಗಂಟೆ ಹಾರಿದವರು.

ಏಕೆ ಹೀಗೆ? ತೊಂಬತ್ತೇಳರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸುಖಾಂತವಾಗುತ್ತವೆ ಎಂಬುದೇ ಮೊದಲ ಕಾರಣ. ಅಡ್ಡದಾರಿ ಹಿಡಿದು ದಕ್ಕಿಸಿಕೊಂಡವರಿಗೆ ಮುಂದಿನ ಸಲ ಅದೇ ರಾಜಮಾರ್ಗವಾಗುತ್ತದೆ. ಎರಡನೆಯದು, ಗುರಿ ಕಣ್ಣೆದುರಿಗಿದೆ. ಇಷ್ಟು ದೂರ ಬಂದಾಗಿದೆ, ರನ್‌ವೇ ಇಗೋ ಇಲ್ಲೇ ಇದೆ, ಇನ್ನು ಬಿಟ್ಟುಕೊಡುವುದು ಹೇಗೆ? ಮೂರನೆಯದು, ನೋಡುವವರಿದ್ದಾರೆ. ಹುಡುಗಿಯ ವಿಷಯದಲ್ಲಿ ಅವಳ ಪಕ್ಕದಲ್ಲೇ ಮೇಷ್ಟ್ರಿದ್ದಾರೆ, ಶೆಡ್ಡಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸಹಪಾಠಿಗಳು ಕೂತಿದ್ದಾರೆ. ಮತ್ತೆ ಮೇಲೆದ್ದರೆ ‘ಇಳಿಸಕ್ಕೆ ಆಗಲಿಲ್ಲ’ ಎಂದಾಗುತ್ತದೆ. ಜೊತೆಗೆ ಮೀಟರು ಓಡುತ್ತಿದೆ. ಒಂದು ಸುತ್ತಿಗೆ ಐದಾರು ನಿಮಿಷ, ಗಂಟೆಗೆ ಇಂತಿಷ್ಟು ಎಂದರೆ ಐದಾರು ನಿಮಿಷಕ್ಕೆಷ್ಟು? ಗಣಿತ ಚೆನ್ನಾಗಿ ಬರುವ ಹುಡುಗಿ ಈ ಲೆಕ್ಕವನ್ನು ಬೇಡವೆಂದರೂ ಮಾಡುತ್ತಾಳೆ. ಭಾನುವಾರದ ಫೋನು ನೆನಪಾಗುವುದು ಇಲ್ಲಿಯೇ.

ಒಳ್ಳೆಯ ಮೇಷ್ಟ್ರು ಇದನ್ನು ಬಲ್ಲರು. ‘ಸರ್, ಸಾರಿ ಸರ್, ಜಾಸ್ತಿ ಎತ್ತರ ಇತ್ತು, ಹೋಗಿಬಿಟ್ಟೆ’ ಎಂದು ಹುಡುಗಿ ಮುಖ ಸಣ್ಣದು ಮಾಡಿಕೊಂಡರೆ, ‘ಸಾರಿ ಯಾಕೆ? ಇವತ್ತು ನೀನು ಮಾಡಿದ್ದರಲ್ಲಿ ಅದೇ ಚೆನ್ನಾಗಿತ್ತು’ ಎನ್ನುತ್ತಾರೆ. ಅಷ್ಟು ಸಾಕು. ಎಲ್ಲರಿಗೂ ಅಂಥ ಮೇಷ್ಟ್ರು ಸಿಗುವುದಿಲ್ಲ ಎಂಬುದೂ ನಿಜ.

ಪುಟ್ಟ ಸೆಸ್ನಾದಲ್ಲಿ ಇದು ಬೇಲಿ ಮುರಿಯುವ, ಚಕ್ರ ಮುರಿಯುವ ಮಾತು. ಇದೇ ಮನಸ್ಸು ದೊಡ್ಡ ವಿಮಾನದಲ್ಲಿ ಕೂತಾಗ ಏನಾಗುತ್ತದೆಂಬುದನ್ನು ಕರ್ನಾಟಕ ಕಂಡಿದೆ. ಮಂಗಳೂರಿನ ಬಜಪೆ ನಿಲ್ದಾಣ ಗುಡ್ಡದ ತಲೆ ಕಡಿದು ಸಮಮಾಡಿದ ಜಾಗದಲ್ಲಿದೆ. ರನ್‌ವೇ ಮುಗಿದ ಮೇಲೆ ಸ್ವಲ್ಪವೇ ನೆಲ, ಆಮೇಲೆ ಕಣಿವೆ. 1981ರಲ್ಲಿ, ಹಳೆಯ ಚಿಕ್ಕ ರನ್‌ವೇ ಇದ್ದ ಕಾಲದಲ್ಲಿ, ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ರನ್‌ವೇ ದಾಟಿ ಅಂಚಿನಾಚೆಗೆ ಹೋಗಿ ನಿಂತಿತ್ತು. ಆಗ ಯಾರೂ ಸಾಯಲಿಲ್ಲ. 2006ರಲ್ಲಿ 8,033 ಅಡಿಯ ಹೊಸ ರನ್‌ವೇ ಬಂತು. 2010ರ ಮೇ 22ರ ಬೆಳಗಿನ ಆರು ಗಂಟೆ ದಾಟಿದ ಹೊತ್ತಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಅಲ್ಲಿ ಇಳಿಯಲು ಬಂತು. ಒಳಗೆ 166 ಜನ. ಹೊರಗೆ ಮಂಗಳೂರು, ಉಡುಪಿ, ಕಾಸರಗೋಡುಗಳಿಂದ ರಾತ್ರಿಯೇ ಹೊರಟುಬಂದ ಮನೆಯವರು.

ತನಿಖಾ ವರದಿ ಹೇಳುವ ಕಥೆ ಹೀಗಿದೆ. ಕ್ಯಾಪ್ಟನ್ ದಾರಿಯುದ್ದಕ್ಕೂ ಬಹಳ ಹೊತ್ತು ನಿದ್ದೆ ಹೋಗಿದ್ದರು. ಅವರ ಗೊರಕೆ ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿದೆ. ಎಚ್ಚರವಾಗಿ ಇಳಿಸಲು ತೊಡಗಿದಾಗ ವಿಮಾನ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ರನ್‌ವೇ ಅಂಚನ್ನು 50 ಅಡಿಯಲ್ಲಿ ದಾಟಬೇಕಾದದ್ದು ಸುಮಾರು 200 ಅಡಿಯಲ್ಲಿ ದಾಟಿತು. 144 ನಾಟ್ ಇರಬೇಕಾದ ವೇಗ 160 ಮೀರಿತ್ತು. ಪಕ್ಕದಲ್ಲಿದ್ದ ಸಹಪೈಲಟ್ ಒಮ್ಮೆಯಲ್ಲ, ಮೂರು ಸಲ ಮೇಲೇಳಲು ಹೇಳಿದರು. ಎಚ್ಚರಿಕೆಯ ಯಂತ್ರವೂ ಕೂಗುತ್ತಿತ್ತು. ಕ್ಯಾಪ್ಟನ್ ಕೇಳಲಿಲ್ಲ. ಚಕ್ರ ನೆಲ ಮುಟ್ಟುವಾಗ 5,200 ಅಡಿ ರನ್‌ವೇ ಹಿಂದಕ್ಕೆ ಹೋಗಿಯಾಗಿತ್ತು. ಆಗಲೂ ಬ್ರೇಕನ್ನು ಪೂರ್ತಿ ಬಲದಿಂದ ಹಿಡಿದಿದ್ದರೆ ರನ್‌ವೇಯೊಳಗೇ ನಿಲ್ಲಿಸಬಹುದಿತ್ತು ಎಂದು ತನಿಖೆ ಲೆಕ್ಕಹಾಕಿತು. ಆದರೆ ಬ್ರೇಕು ಹಾಕಿ, ಎಂಜಿನ್‌ಗಳ ಒತ್ತಡವನ್ನು ಹಿಮ್ಮುಖ ಮಾಡಿದ ಮೇಲೆ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಏರಲು ನೋಡಿದರು. ಮೇಲೇಳಬೇಕಾದ ಹೊತ್ತಿನಲ್ಲಿ ಇಳಿದರು, ನಿಲ್ಲಿಸಬೇಕಾದ ಹೊತ್ತಿನಲ್ಲಿ ಏಳಹೊರಟರು. ರನ್‌ವೇ ಆಚೆಗಿನ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದು ವಿಮಾನ ಕಣಿವೆಗೆ ಉರುಳಿ ಉರಿಯಿತು. ಬದುಕಿದವರು ಎಂಟು ಜನ. ಸತ್ತವರು 158.

ಗುಡ್ಡದ ಮೇಲಿನ ನಿಲ್ದಾಣ ಅಪಾಯಕಾರಿ ಎಂದು ಆಗ ಬಹಳ ಚರ್ಚೆಯಾಯಿತು. ಚರ್ಚೆ ಬೇಕಾದದ್ದೇ. ಆದರೆ ರನ್‌ವೇ ಅಂದು ಅಲ್ಲಿಂದ ಅಲುಗಾಡಿರಲಿಲ್ಲ, ಅದರ ಉದ್ದ ಕಡಿಮೆಯಾಗಿರಲಿಲ್ಲ. ಆ ದಿನ ಕೊರತೆಯಾದದ್ದು ಇನ್ನೊಂದು ಸುತ್ತು ಹಾಕಲು ಬೇಕಾದ ಹತ್ತು ಹದಿನೈದು ನಿಮಿಷವೂ ಅಲ್ಲ, ಎಣ್ಣೆಯೂ ಅಲ್ಲ.

ಹತ್ತು ವರ್ಷಗಳ ಮೇಲೆ, 2020ರ ಆಗಸ್ಟ್ 7ರ ರಾತ್ರಿ, ಅದೇ ಕಂಪನಿಯ ಅದೇ ಬಗೆಯ ವಿಮಾನ, ಅದೂ ದುಬೈನಿಂದಲೇ, ಗುಡ್ಡದ ಮೇಲಿನ ಇನ್ನೊಂದು ನಿಲ್ದಾಣವಾದ ಕೇರಳದ ಕೋಯಿಕ್ಕೋಡಿಗೆ ಬಂತು. ಸುರಿಯುವ ಮಳೆ. ಮೊದಲ ಸಲ ಇಳಿಯಲು ಬಂದವರು ಸರಿಯಾಗಿಯೇ ಮೇಲೆದ್ದರು. ಆಮೇಲೆ ರನ್‌ವೇಯ ಇನ್ನೊಂದು ತುದಿಯಿಂದ, ಬೆನ್ನಗಾಳಿಯಲ್ಲಿ ಇಳಿಯಲು ಬಂದರು. 8,858 ಅಡಿ ಉದ್ದದ ಒದ್ದೆ ರನ್‌ವೇಯಲ್ಲಿ ಚಕ್ರ ತಾಗಿದ್ದು 4,438 ಅಡಿ ಕಳೆದ ಮೇಲೆ. ಇಲ್ಲಿಯೂ ಸಹಪೈಲಟ್ ಮೇಲೇಳಲು ಹೇಳಿದ್ದರು, ಇಲ್ಲಿಯೂ ಅದು ನಡೆಯಲಿಲ್ಲ. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಸತ್ತರು. ಆ ಕ್ಯಾಪ್ಟನ್ ವಾಯುಪಡೆಯಲ್ಲಿದ್ದು ಬಂದ ಬಹಳ ಅನುಭವಿ. ಮಾರನೆಯ ಬೆಳಿಗ್ಗೆ ಕೋಯಿಕ್ಕೋಡಿನಿಂದಲೇ ಅವರು ಇನ್ನೊಂದು ವಿಮಾನ ಒಯ್ಯಬೇಕಿತ್ತು, ಅಲ್ಲಿ ಸಾಕಷ್ಟು ಕ್ಯಾಪ್ಟನ್‌ಗಳಿರಲಿಲ್ಲ, ಹೇಗಾದರೂ ಅಲ್ಲೇ ಇಳಿಯಬೇಕೆಂಬ ಒತ್ತಾಸೆಗೆ ಅದೂ ಕಾರಣವಾಗಿತ್ತು ಎಂದು 2021ರ ತನಿಖಾ ವರದಿ ಹೇಳಿತು. ಒಂದು ಸಲ ಮೇಲೆದ್ದು ಬಂದವರಿಗೆ ಎರಡನೆಯ ಸಲ ಮೇಲೇಳುವುದು ಇನ್ನೂ ಕಷ್ಟ. ಭಾನುವಾರದ ಫೋನು ಹುಡುಗಿಗೆ ಮಾತ್ರ ಬರುವುದಲ್ಲ.

ಎರಡೂ ಕಡೆ ಸರಿಯಾದ ಮಾತನ್ನು ಆಡಿದವರು ಕಿರಿಯರು ಎಂಬುದು ಕಿವಿಯಲ್ಲಿ ಉಳಿದುಬಿಡುತ್ತದೆ. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ದೊಡ್ಡವರಿಗೆ ಎದುರಾಡಬಾರದೆಂದು ಹೇಳಿಕೊಡುತ್ತೇವೆ. ಬೇರೆ ದೇಶಗಳ ಕಾಕ್‌ಪಿಟ್ಟುಗಳಲ್ಲೂ ಇದೇ ಕಥೆಯಿತ್ತೆನ್ನಿ. ಮಂಗಳೂರಿನ ಕ್ಯಾಪ್ಟನ್ ಕೂಡ ಹೊರದೇಶದವರೇ. ಹಿರಿಯನು ತಪ್ಪಿದಾಗ ಕಿರಿಯನು ಗಟ್ಟಿಯಾಗಿ ಹೇಳಬೇಕು, ಹಿರಿಯನು ಕೇಳಬೇಕು ಎಂಬುದನ್ನೇ ಒಂದು ಪಾಠವಾಗಿ 1980ರ ದಶಕದಿಂದ ಏರ್‌ಲೈನ್‌ಗಳು ಪೈಲಟ್‌ಗಳಿಗೆ ಕಲಿಸುತ್ತ ಬಂದಿವೆ. ಇಬ್ಬರಲ್ಲಿ ಯಾರೇ ಮೇಲೇಳಲು ಹೇಳಲಿ, ಚರ್ಚೆಯಿಲ್ಲದೆ ಮೇಲೇಳಬೇಕು, ಆಮೇಲೆ ಯಾರೂ ಅವರನ್ನು ಏಕೆಂದು ದಂಡಿಸಬಾರದು ಎಂಬ ನಿಯಮ ಹಲವು ಕಡೆ ಇದೆ. ನಿಯಮ ಬರೆಯುವುದು ಸುಲಭ. ಕತ್ತಲಲ್ಲಿ, ಮಳೆಯಲ್ಲಿ, ತನ್ನ ಎರಡು ಪಟ್ಟು ವಯಸ್ಸಿನವರ ಕೈಯಿಂದ ಹಿಡಿ ಕಿತ್ತುಕೊಳ್ಳುವುದು ಬೇರೆ.

ಮತ್ತೆ ಮೇಲೇಳಲು ಅವಕಾಶವೇ ಇಲ್ಲದ ಜಾಗವೂ ಒಂದಿದೆ. ನೇಪಾಳದಲ್ಲಿ ಎವರೆಸ್ಟಿನ ದಾರಿಯ ಬಾಗಿಲಾದ ಲುಕ್ಲಾ. 1964ರಲ್ಲಿ ಎಡ್ಮಂಡ್ ಹಿಲರಿಯವರ ಮುಂದಾಳತ್ವದಲ್ಲಿ ಆದದ್ದು, 2001ರಲ್ಲಿ ಡಾಂಬರು ಕಂಡದ್ದು. ಸಮುದ್ರಮಟ್ಟದಿಂದ 2,800 ಮೀಟರಿಗೂ ಮೇಲೆ 527 ಮೀಟರ್ ಉದ್ದದ ಪಟ್ಟಿ, ಅದೂ ಇಳಿಜಾರು. ನೂರು ಅಡಿ ಹೋದರೆ ಹನ್ನೆರಡು ಅಡಿ ಏರು. ಇಳಿಯುವುದು ಏರಿನ ಕಡೆಗೆ, ಹೊರಡುವುದು ಇಳಿಜಾರಿನ ಕಡೆಗೆ. ಮೇಲಿನ ತುದಿಯಲ್ಲಿ ಗೋಡೆ, ಅದರ ಹಿಂದೆ ಬೆಟ್ಟ. ಕೆಳಗಿನ ತುದಿಯಲ್ಲಿ ಪ್ರಪಾತ. ಏರು ಬ್ರೇಕಿಗಿಂತ ಚೆನ್ನಾಗಿ ವಿಮಾನವನ್ನು ನಿಲ್ಲಿಸುತ್ತದೆ, ಆದರೆ ಹತ್ತಿರ ಬಂದ ಮೇಲೆ ಬೇಡವೆನ್ನುವ ಹಾಗಿಲ್ಲ. 2008ರ ಅಕ್ಟೋಬರಿನಲ್ಲಿ ಮಂಜಿನಲ್ಲಿ ಬಂದ ಟ್ವಿನ್ ಆಟರ್ ವಿಮಾನವೊಂದು ರನ್‌ವೇ ಮುಟ್ಟುವ ಮೊದಲೇ ಬಿದ್ದು 18 ಜನ ಸತ್ತರು, ಪೈಲಟ್ ಒಬ್ಬರು ಉಳಿದರು. ಅಲ್ಲಿ ಹಾರುವವರು ಬೇಕೋ ಬೇಡವೋ ಎಂಬುದನ್ನು ಕಣಿವೆ ಹೊಗುವ ಮೊದಲೇ ತೀರ್ಮಾನಿಸಬೇಕು. ಮೋಡ ಕಂಡರೆ ಕಠ್ಮಂಡುವಿನಿಂದ ಹೊರಡುವುದೇ ಇಲ್ಲ. ಪ್ರವಾಸಿಗಳು ದಿನಗಟ್ಟಲೆ ಕಾದು ಗೊಣಗುತ್ತಾರೆ.

ಮನುಷ್ಯ ಮತ್ತೆ ಮತ್ತೆ ಹೀಗೇ ಮಾಡುತ್ತಾನೆಂದು ಒಪ್ಪಿಕೊಂಡು ಎಂಜಿನಿಯರುಗಳು ಇನ್ನೊಂದು ದಾರಿ ಹುಡುಕಿದ್ದಾರೆ. ರನ್‌ವೇ ಮುಗಿಯುವಲ್ಲಿ ಗುಳ್ಳೆಗುಳ್ಳೆಯಾದ ಹಗುರ ಸಿಮೆಂಟಿನ ಹಾಸು ಹಾಕುತ್ತಾರೆ. ಜನ ನಡೆದರೆ ಏನೂ ಆಗುವುದಿಲ್ಲ, ವಿಮಾನದ ಚಕ್ರ ಬಂದರೆ ಮಂಡಿಗೆಯ ಹಾಗೆ ಪುಡಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. 1999ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ 30 ಜನರಿದ್ದ ಸಾಬ್ 340 ಎಂಬ ಪುಟ್ಟ ಪ್ರಯಾಣಿಕ ವಿಮಾನ ರನ್‌ವೇ ಮೀರಿ ನುಗ್ಗಿದಾಗ, ಮುಂದಿನ ನೀರಿಗೆ ಹೋಗದಂತೆ ಅದನ್ನು ತಡೆದದ್ದು ಇಂಥ ಹಾಸೇ. ದುಬಾರಿ ವ್ಯವಸ್ಥೆ, ಒಮ್ಮೆ ಪುಡಿಯಾದದ್ದನ್ನು ಮತ್ತೆ ಹಾಕಿಸಬೇಕು. ಆದರೂ ಕಣಿವೆಯಂಚಿನ ನಿಲ್ದಾಣಗಳಿಗೆ ಇದರ ಖರ್ಚು ಜಾಸ್ತಿಯಾಯಿತೆನ್ನುವುದು ಕಷ್ಟ.

ಇತ್ತ ಹುಡುಗಿಯ ಪಾಠ ಮುಂದುವರಿದಿದೆ. ಒಂದು ಬೆಳಿಗ್ಗೆ, ಗಾಳಿ ಏಳುವ ಮೊದಲು, ಎರಡು ಸುತ್ತು ಹಾಕಿಸಿದ ಮೇಲೆ ಮೇಷ್ಟ್ರು ಬಾಗಿಲು ತೆಗೆದು ಕೆಳಗಿಳಿದು, ‘ನೀನೇ ಒಂದು ಸುತ್ತು ಹೋಗಿ ಬಾ’ ಎನ್ನುತ್ತಾರೆ. ಮೊದಲ ಒಂಟಿ ಹಾರಾಟ. ದಿನ ಗೊತ್ತುಮಾಡಿ ಹೇಳುವ ಪದ್ಧತಿಯಿಲ್ಲ. ಹೇಳಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಪಕ್ಕದ ಸೀಟು ಖಾಲಿಯಾದದ್ದರಿಂದ ವಿಮಾನ ಒಬ್ಬರಷ್ಟು ಹಗುರವಾಗಿದೆ. ಬೇಗ ಏರುತ್ತದೆ, ಇಳಿಯುವಾಗ ದಿನಕ್ಕಿಂತ ಹೆಚ್ಚು ತೇಲುತ್ತದೆ. ಇದನ್ನು ಮೇಷ್ಟ್ರು ಮೊದಲೇ ಹೇಳಿರುತ್ತಾರೆ, ಆದರೆ ಹೇಳಿದ್ದು ನೆನಪಿಗೆ ಬರುವುದು ತೇಲತೊಡಗಿದ ಮೇಲೆ. ನಡುಗೆರೆಯ ಪಟ್ಟಿಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿವೆ. ಶೆಡ್ಡಿನ ಮುಂದೆ ಎಲ್ಲರೂ ಎದ್ದು ನಿಂತಿದ್ದಾರೆ. ಅಪರೂಪಕ್ಕೆ ಊರಿನಿಂದ ಬಂದ ಅಪ್ಪ ಅಮ್ಮ ಬೇಲಿಯಾಚೆಗಿದ್ದಾರೆ. ಚಕ್ರ ಇನ್ನೂ ತಾಗಿಲ್ಲ.

ಎಂಜಿನ್ನಿನ ಸದ್ದು ಒಮ್ಮೆಗೇ ಏರಿ, ಬಿಳಿ ವಿಮಾನ ರನ್‌ವೇ ಉದ್ದಕ್ಕೂ ಮೇಲೆದ್ದು ಹೋದಾಗ ಬೇಲಿಯಾಚೆಗಿನ ಅಪ್ಪನಿಗೆ ಏನೋ ಕೆಟ್ಟಿತೆಂದು ಎದೆ ಧಸಕ್ಕೆನ್ನುತ್ತದೆ. ಮೇಷ್ಟ್ರು ಮಾತ್ರ ಕೈಕಟ್ಟಿ ನಿಂತಲ್ಲೇ ನಿಂತಿರುತ್ತಾರೆ. ‘ಏನಾಯ್ತು ಸಾರ್?’ ಎಂದು ಯಾರೋ ಕೇಳುತ್ತಾರೆ. ‘ಏನಿಲ್ಲ, ಇನ್ನೊಂದು ಸುತ್ತು ಹಾಕಿ ಬರ್ತಾಳೆ’ ಎನ್ನುತ್ತಾರೆ ಅವರು. ಐದಾರು ನಿಮಿಷ.